ಮನೆಗೆ ಅಂಟಿಕೊಂಡ 'ನನ್ನ': ಟರ್ಕಿಶ್ ಭಾಷೆಯ ವಿಭಕ್ತಿ ಮತ್ತು ಸ್ವಾಮ್ಯ ಪ್ರತ್ಯಯಗಳು

ಟರ್ಕಿಯ ಶಾಲೆಗಳಲ್ಲಿ ಮಕ್ಕಳು ವಿಭಕ್ತಿ ಕಲಿಯುವಾಗ ಐದು ರೂಪಗಳನ್ನು ಬಾಯಿಪಾಠ ಮಾಡುತ್ತಾರೆ: ಎವ್, ಎವಿ, ಎವೆ, ಎವ್ದೆ, ಎವ್ದೆನ್. ಎವ್ ಅಂದರೆ ಮನೆ. ನಮ್ಮ ರೂಪಗಳನ್ನು ಇವುಗಳ ಪಕ್ಕದಲ್ಲಿಟ್ಟು ಹೇಳಿ ನೋಡಿ: ಮನೆ, ಮನೆಯನ್ನು, ಮನೆಗೆ, ಮನೆಯಲ್ಲಿ, ಮನೆಯಿಂದ. ಐದಕ್ಕೆ ಐದೂ ಹೊಂದಿಕೊಂಡವು. ಬಹುವಚನ ಸೇರಿಸಬೇಕಾದರೆ ಅದು ಮೊದಲು, ವಿಭಕ್ತಿ ಆಮೇಲೆ. ಅವರು ಎವ್-ಲೆರ್-ದೆ ಅನ್ನುತ್ತಾರೆ, ನಾವು ಮನೆ-ಗಳ-ಲ್ಲಿ ಅನ್ನುತ್ತೇವೆ. 'ದೊಡ್ಡ ಮನೆಯಲ್ಲಿ' ಅನ್ನುವಾಗ 'ದೊಡ್ಡ'ಕ್ಕೆ ಏನೂ ಅಂಟುವುದಿಲ್ಲ, ಅವರ 'ಬುಯುಕ್ ಎವ್ದೆ'ಯಲ್ಲೂ ಹಾಗೆಯೇ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಸಂಸ್ಕೃತದ ಶಬ್ದರೂಪಗಳನ್ನು ಕಲಿತವರಿಗೆ ನೆನಪಿರಬಹುದು, ಅಲ್ಲಿ ಅಕಾರಾಂತಕ್ಕೆ ಒಂದು ಪಟ್ಟಿ, ಇಕಾರಾಂತಕ್ಕೆ ಇನ್ನೊಂದು, ಪುಲ್ಲಿಂಗಕ್ಕೆ ಬೇರೆ, ನಪುಂಸಕಕ್ಕೆ ಬೇರೆ. ಟರ್ಕಿಶ್‌ನಲ್ಲಿ ಎಲ್ಲ ನಾಮಪದಕ್ಕೂ ಒಂದೇ ಪಟ್ಟಿ ಸಾಕು. ವ್ಯಾಕರಣದ ಲಿಂಗವೂ ಇಲ್ಲ. ಅವನು, ಅವಳು, ಅದು, ಮೂರಕ್ಕೂ 'ಒ' ಎಂಬ ಒಂದೇ ಸರ್ವನಾಮ.

ಆದ್ದರಿಂದ ವಿಭಕ್ತಿಯ ಮಟ್ಟಿಗೆ ಕನ್ನಡಿಗರಿಗೆ ಟರ್ಕಿಶ್ ಬೇಗ ದಕ್ಕುತ್ತದೆ. ಆದರೆ ಆ ಭಾಷೆಯನ್ನು ನಡೆಸುತ್ತಿರುವುದು ಈ ಐದು ರೂಪಗಳಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವಿಭಕ್ತಿಗೂ ಮೊದಲು ನಾಮಪದಕ್ಕೆ ಅಂಟಿಕೊಳ್ಳುವ, ಕನ್ನಡದಲ್ಲಿ ಇಲ್ಲದ ಇನ್ನೊಂದು ಪ್ರತ್ಯಯ ಅಲ್ಲಿದೆ. 'ಯಾರದು' ಎಂದು ಹೇಳುವ ಪ್ರತ್ಯಯ ಅದು. ಇವತ್ತಿನ ಮಾತೆಲ್ಲ ಕಡೆಗೆ ಅದರ ಕಡೆಗೇ ಹರಿಯುತ್ತದೆ.

ಅದಕ್ಕೆ ಮೊದಲು ಒಂದು ಎಚ್ಚರಿಕೆ. ಹೋಲಿಕೆ ಕಂಡ ಕೂಡಲೇ ನಂಟು ಹುಡುಕುವ ಆಸೆ ಹುಟ್ಟುತ್ತದೆ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ ಅವರಿಗೂ ಆ ಆಸೆ ಇತ್ತು. 'ಸಿಥಿಯನ್' ಎಂಬ ದೊಡ್ಡ ಗುಂಪೊಂದನ್ನು ಊಹಿಸಿ, ತುರ್ಕಿ, ಫಿನ್ನಿಶ್ ಮುಂತಾದ ಭಾಷೆಗಳ ಹತ್ತಿರ ನಮ್ಮ ಭಾಷೆಗಳನ್ನೂ ತಂದು ನಿಲ್ಲಿಸಿದರು. ಇವತ್ತಿನ ಭಾಷಾವಿಜ್ಞಾನ ಅದನ್ನು ಒಪ್ಪುವುದಿಲ್ಲ. ಎರಡು ಭಾಷೆಗಳು ಪ್ರತ್ಯಯಗಳನ್ನು ಒಂದೇ ಕ್ರಮದಲ್ಲಿ ಪೋಣಿಸುತ್ತವೆ ಅಂದ ಮಾತ್ರಕ್ಕೆ ಒಂದೇ ತಾಯಿಯ ಮಕ್ಕಳು ಎಂದಾಗುವುದಿಲ್ಲ. ಹಾಗಾಗಿ ನಾನು ಕನ್ನಡವನ್ನು ಪಕ್ಕದಲ್ಲಿಟ್ಟು ತೋರಿಸುವಾಗೆಲ್ಲ ಅದನ್ನು ಹೋಲಿಕೆ ಎಂದೇ ತೆಗೆದುಕೊಳ್ಳಿ.

ಉಚ್ಚಾರಣೆಯ ಬಗ್ಗೆ ಸ್ವಲ್ಪ. ಟರ್ಕಿಶ್‌ನಲ್ಲಿ ಎಂಟು ಸ್ವರಗಳಿವೆ. ಅವುಗಳಲ್ಲಿ ಮೂರಕ್ಕೆ ಕನ್ನಡ ಲಿಪಿಯಲ್ಲಿ ಸರಿಯಾದ ಅಕ್ಷರವಿಲ್ಲ. ತುಟಿ ದುಂಡಗೆ ಮಾಡಿ 'ಇ' ಮತ್ತು 'ಎ' ಹೇಳಿದರೆ ಬರುವ ಎರಡನ್ನು ನಾನು 'ಉ', 'ಒ' ಎಂದೇ ಬರೆಯುತ್ತೇನೆ. ಮೂರನೆಯದು ತುಟಿ ದುಂಡಗೆ ಮಾಡದೆ ಹೇಳುವ ಉಕಾರ. ತುಳು ಬಲ್ಲವರು ಇಲ್ಲಿದ್ದರೆ ಅವರಿಗೆ ಅದು ಗೊತ್ತು, ತುಳುವಿನಲ್ಲಿ ಪದಗಳ ಕೊನೆಗೆ ಬರುವ ಅರ್ಧ ಉಕಾರದ ಹತ್ತಿರದ್ದು. ಅದನ್ನು ಇಲ್ಲಿ 'ಇ' ಎಂದು ಬರೆದಿದ್ದೇನೆ. ಇನ್ನು ಸ್ವರ ಸಾಮರಸ್ಯ. ಪ್ರತ್ಯಯದ ಸ್ವರ ಪದದ ಕೊನೆಯ ಸ್ವರವನ್ನು ನೋಡಿಕೊಂಡು ಬದಲಾಗುತ್ತದೆ. ಎವ್ದೆ ಅಂದರೆ ಮನೆಯಲ್ಲಿ, ಒಕುಲ್ದಾ ಅಂದರೆ ಶಾಲೆಯಲ್ಲಿ. ಎವಿಮ್ ನನ್ನ ಮನೆ, ಒಕುಲುಮ್ ನನ್ನ ಶಾಲೆ. ಹಿಂದಿನ ವ್ಯಂಜನ ಕರ್ಕಶವಾಗಿದ್ದರೆ 'ದ' ಹೋಗಿ 'ತ' ಬರುತ್ತದೆ. ಕಿತಾಪ್ತಾ, ಪುಸ್ತಕದಲ್ಲಿ. ಇಷ್ಟು ಗೊತ್ತಿದ್ದರೆ ಮುಂದಿನ ಉದಾಹರಣೆಗಳಿಗೆ ಸಾಕು.

ದ್ವಿತೀಯಾ ವಿಭಕ್ತಿಯಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿ ನಮ್ಮಿಬ್ಬರ ನಡುವಿನ ಹೋಲಿಕೆ ತುಂಬ ಸೂಕ್ಷ್ಮವಾದದ್ದು. 'ಕಿತಾಪ್ ಒಕುದುಮ್' ಅಂದರೆ ಪುಸ್ತಕ ಓದಿದೆ. 'ಕಿತಾಬಿ ಒಕುದುಮ್' ಅಂದರೆ ಪುಸ್ತಕವನ್ನು ಓದಿದೆ. ಮೊದಲನೆಯದರಲ್ಲಿ ಯಾವ ಪುಸ್ತಕ ಅನ್ನುವುದು ಮುಖ್ಯವಲ್ಲ, ನಿನ್ನೆ ಸಂಜೆ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಕೊಡುವ ಉತ್ತರ ಅದು. ಎರಡನೆಯದರಲ್ಲಿ ನಿಮಗೂ ನನಗೂ ಗೊತ್ತಿರುವ ಒಂದು ಪುಸ್ತಕವಿದೆ. ಇಂಗ್ಲಿಷ್ ಮಾತನಾಡುವವರಿಗೆ ಇದನ್ನು ಪುಟಗಟ್ಟಲೆ ವಿವರಿಸಬೇಕಾಗುತ್ತದೆ. ನಿಮಗೆ ಕನ್ನಡದ ಎರಡು ವಾಕ್ಯಗಳನ್ನು ಹೇಳಿದರೆ ಸಾಕು.

ವ್ಯತ್ಯಾಸ ಇರುವುದು ಮನುಷ್ಯರ ವಿಷಯದಲ್ಲಿ. ಟರ್ಕಿಶ್‌ನಲ್ಲಿ 'ದೊಕ್ತೊರ್ ಅರಿಯೊರುಮ್' ಅಂದರೆ ಯಾರಾದರೊಬ್ಬ ವೈದ್ಯರು ಬೇಕು, ಹುಡುಕುತ್ತಿದ್ದೇನೆ ಎಂದರ್ಥ. 'ದೊಕ್ತೊರು ಅರಿಯೊರುಮ್' ಅಂದರೆ ಆ ವೈದ್ಯರನ್ನೇ ಹುಡುಕುತ್ತಿದ್ದೇನೆ. ಕನ್ನಡದಲ್ಲಿ ಮನುಷ್ಯವಾಚಕ ಬಂದರೆ 'ಅನ್ನು' ಬಿಡುವುದು ಕಷ್ಟ. 'ಡಾಕ್ಟರ್ ಹುಡುಕುತ್ತಿದ್ದೇನೆ' ಅಂದರೆ ಹುಡುಕುತ್ತಿರುವವರೇ ಡಾಕ್ಟರು ಅನ್ನುವ ಹಾಗೆ ಕೇಳಿಸುತ್ತದೆ. ಆದರೆ ನಮ್ಮಲ್ಲೂ ಒಂದು ಚೆಂದದ ಅಪವಾದವಿದೆ. 'ಮಗನಿಗೆ ಹೆಣ್ಣು ನೋಡೋಕೆ ಹೋಗಿದ್ದಾರೆ' ಅನ್ನುತ್ತೇವೆ, ಅಲ್ಲಿ 'ಹೆಣ್ಣನ್ನು' ಬರುವುದಿಲ್ಲ. ಬಂದರೆ ಹೆಣ್ಣು ಯಾರೆಂಬುದು ಆಗಲೇ ಗೊತ್ತು ಎಂದಾಯಿತು. ಟರ್ಕಿಶ್ ಎಲ್ಲ ನಾಮಪದಗಳನ್ನೂ ಈ 'ಹೆಣ್ಣು ನೋಡು' ಹಾಗೆ ನಡೆಸಿಕೊಳ್ಳುತ್ತದೆ. ಇನ್ನೊಂದು ಮಾತು. ಪ್ರತ್ಯಯವಿಲ್ಲದ ಕರ್ಮ ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು. 'ಕಿತಾಬಿ ದುನ್ ಒಕುದುಮ್', ಪುಸ್ತಕವನ್ನು ನಿನ್ನೆ ಓದಿದೆ, ಸರಿ. 'ಕಿತಾಪ್ ದುನ್ ಒಕುದುಮ್' ಅಂದರೆ ಕೇಳುವವರು ಮುಖ ನೋಡುತ್ತಾರೆ.

ಉಳಿದ ವಿಭಕ್ತಿಗಳಲ್ಲಿ ಯಾವ ಕ್ರಿಯಾಪದಕ್ಕೆ ಯಾವುದು ಅನ್ನುವುದನ್ನು ಮಾತ್ರ ಕಲಿಯಬೇಕು. ನಾವು 'ನನ್ನನ್ನು ನೋಡು' ಅಂದರೆ ಅವರು 'ಬನಾ ಬಕ್', ನನಗೆ ನೋಡು. ನಾವು ಮೇಷ್ಟರನ್ನು ಕೇಳುತ್ತೇವೆ, ಅವರು ಮೇಷ್ಟರಿಗೆ ಕೇಳುತ್ತಾರೆ. ನಾವು ಹಾವಿಗೆ ಹೆದರುತ್ತೇವೆ, ಅವರು ಹಾವಿನಿಂದ ಹೆದರುತ್ತಾರೆ. 'ಅಲಿಗಿಂತ ದೊಡ್ಡವನು' ಎಂಬುದಕ್ಕೆ ಅವರದು 'ಅಲಿದೆನ್ ಬುಯುಕ್', ಅಲಿಯಿಂದ ದೊಡ್ಡವನು. ಇವೆಲ್ಲ ಬಳಕೆಯಿಂದ ಬರುವಂಥವು, ಇಲ್ಲಿ ನಿಲ್ಲುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎವಿಮ್ ನನ್ನ ಮನೆ. ಎವಿನ್ ನಿನ್ನ ಮನೆ. ಎವಿ ಅವನ, ಅವಳ ಅಥವಾ ಅದರ ಮನೆ. ಎವಿಮಿಜ಼್ ನಮ್ಮ ಮನೆ. ಎವಿನಿಜ಼್ ನಿಮ್ಮ ಮನೆ. ಎವ್ಲೆರಿ ಅವರ ಮನೆ. ನಾವು ಮುಂದೆ ಬೇರೆ ಪದವಾಗಿ ಇಡುವುದನ್ನು ಅವರು ಹಿಂದಕ್ಕೆ ಅಂಟಿಸಿದ್ದಾರೆ. ಬೇಕಾದರೆ ಮುಂದೆಯೂ ಇಡಬಹುದು, 'ಬೆನಿಮ್ ಎವಿಮ್', ಆದರೆ ಅದು ಒತ್ತಿ ಹೇಳುವಾಗ. ವಿಭಕ್ತಿ ಇದರ ಮೇಲೆ ಬರುತ್ತದೆ. ಎವ್-ಲೆರ್-ಇಮ್-ದೆ, ನನ್ನ ಮನೆಗಳಲ್ಲಿ. ಪದ, ಬಹುವಚನ, ಒಡೆಯ, ವಿಭಕ್ತಿ, ಈ ಕ್ರಮ ತಪ್ಪುವುದಿಲ್ಲ.

ಈ ಪ್ರತ್ಯಯ ಎಷ್ಟು ಹಳೆಯದು? ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ ಹಳೆಯ ತುರ್ಕಿ ಭಾಷೆಯ, ಎಂಟನೆಯ ಶತಮಾನದ ಕಲ್ಲಿನ ಶಾಸನಗಳಿವೆ. ಡೆನ್ಮಾರ್ಕ್‌ನ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಅವುಗಳ ಲಿಪಿಯನ್ನು ಬಿಡಿಸಿದರು. ಅವುಗಳಲ್ಲೊಂದು 732ರಲ್ಲಿ ನಿಲ್ಲಿಸಿದ್ದು, ಕುಲ್ ತಿಗಿನ್ ಎಂಬ ರಾಜಕುಮಾರನ ನೆನಪಿಗೆ. ಅದರಲ್ಲಿ ಮಾತನಾಡುತ್ತಿರುವವನು ಅವನ ಅಣ್ಣ ಬಿಲ್ಗೆ ಕಗಾನ್. ತಮ್ಮನ ಸಾವನ್ನು ಹೇಳುವ ಸಾಲುಗಳನ್ನು ನಿಧಾನವಾಗಿ ಓದುತ್ತೇನೆ, ಪದಗಳ ಕೊನೆಯ ಮಕಾರವನ್ನು ಗಮನಿಸಿ.

"ಇನಿಮ್ ಕುಲ್ ತಿಗಿನ್ ಕೆರ್ಗೆಕ್ ಬೊಲ್ತಿ. ಒಜ಼ುಮ್ ಸಕಿಂತಿಮ್. ಕೊರುರ್ ಕೊಜ಼ುಮ್ ಕೊರ್ಮೆಜ಼್ ತೆಗ್, ಬಿಲಿರ್ ಬಿಲಿಗಿಮ್ ಬಿಲ್ಮೆಜ಼್ ತೆಗ್ ಬೊಲ್ತಿ."

ನನ್ನ ತಮ್ಮ ಕುಲ್ ತಿಗಿನ್ ತೀರಿಕೊಂಡ. ನಾನು ದುಃಖಪಟ್ಟೆ. ಕಾಣುವ ಕಣ್ಣು ಕಾಣದಂತೆ, ತಿಳಿಯುವ ಅರಿವು ತಿಳಿಯದಂತೆ ಆಯಿತು. ಕನ್ನಡಕ್ಕೆ ಪದಕ್ಕೆ ಪದ ಇಡುತ್ತಾ ಹೋದರೂ ವಾಕ್ಯ ನಿಲ್ಲುತ್ತದೆ, ನೋಡಿ. ಆದರೆ ನಾನು ಕಣ್ಣು ಅಂದಿದ್ದೇನೆ, ಕಲ್ಲು 'ನನ್ನ ಕಣ್ಣು' ಅನ್ನುತ್ತದೆ. ಇನಿಮ್ ನನ್ನ ತಮ್ಮ, ಒಜ಼ುಮ್ ನನ್ನ ತಾನು ಎಂದರೆ ಸ್ವತಃ ನಾನು, ಕೊಜ಼ುಮ್ ನನ್ನ ಕಣ್ಣು, ಬಿಲಿಗಿಮ್ ನನ್ನ ಅರಿವು. ಐದನೆಯ ಮಕಾರ ಕ್ರಿಯಾಪದದಲ್ಲಿದೆ: ಸಕಿಂತಿಮ್, ದುಃಖಪಟ್ಟೆ. ಭೂತಕಾಲದ 'ನಾನು' ಮತ್ತು ನಾಮಪದದ 'ನನ್ನ' ಎರಡೂ ಒಂದೇ ಪ್ರತ್ಯಯ. ಇವತ್ತಿನ ಟರ್ಕಿಶ್‌ನಲ್ಲೂ ಗೆಲ್ದಿಮ್, ಬಂದೆ, ಎವಿಮ್, ನನ್ನ ಮನೆ. ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾದ ಹಾದಿಯಲ್ಲಿ ಲಿಪಿ ಹಲವು ಬಾರಿ ಬದಲಾಯಿತು, ಜನ ಮಂಗೋಲಿಯಾದಿಂದ ಮೆಡಿಟರೇನಿಯನ್ ತೀರದವರೆಗೆ ಹರಡಿದರು. ಆ ಮಕಾರ ಮಾತ್ರ ಹಾಗೆಯೇ ಇದೆ. ಇವತ್ತು ಟರ್ಕಿಶ್‌ನ ಬಂಧುಭಾಷೆ ಆಡುವ ಕಜ಼ಾಕ್ ಒಬ್ಬನೂ ತಮ್ಮನನ್ನು 'ಇನಿಮ್' ಎಂದೇ ಕರೆಯುತ್ತಾನೆ.

ಬಂಧುವಾಚಕಗಳಲ್ಲಿ ಈ ಪ್ರತ್ಯಯದ ಬಿಸಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ತಾಯಿಯ ಬಗ್ಗೆ ಮಾತನಾಡುವಾಗ ಟರ್ಕಿಯವರು 'ಅನ್ನೆಮ್' ಅನ್ನುತ್ತಾರೆ, ನನ್ನಮ್ಮ. 'ಬಬಾಮ್', ನನ್ನಪ್ಪ. ನಾವು 'ನಮ್ಮಮ್ಮ', 'ನಮ್ಮಪ್ಪ' ಎಂದು ಒಂದೇ ಉಸಿರಿನಲ್ಲಿ ಸೇರಿಸಿ ಹೇಳುವುದೂ ಹೆಚ್ಚುಕಡಿಮೆ ಇದೇ. ಒಬ್ಬರೇ ಇದ್ದರೂ 'ನಮ್ಮ' ಅನ್ನುವುದು ನಮ್ಮ ರೂಢಿ. ಅವರ ಆಡುಮಾತಿನಲ್ಲೂ 'ಬಿಜ಼ಿಮ್ ಎವ್', 'ಬಿಜ಼ಿಮ್ ಒಲಾನ್' ಎಂಬ ಮಾತುಗಳಿವೆ. ನಮ್ಮ ಮನೆ, ನಮ್ಮ ಹುಡುಗ. ವಿಚಿತ್ರವೆಂದರೆ ಅಂಥ ಸಲುಗೆಯ ಮಾತಿನಲ್ಲಿ ಅವರೂ ಪ್ರತ್ಯಯ ಬಿಟ್ಟು ನಮ್ಮ ಹಾಗೆಯೇ ಮಾತನಾಡುತ್ತಾರೆ.

ದ್ರಾವಿಡ ಭಾಷೆಗಳಿಗೂ ಒಂದು ಕಾಲದಲ್ಲಿ ಬಂಧುವಾಚಕದೊಳಗೆ ಒಡೆಯನನ್ನು ಹುದುಗಿಸುವ ಅಭ್ಯಾಸವಿತ್ತು. ಹಳೆಯ ತಮಿಳಿನಲ್ಲಿ ಎಂದೈ ಅಂದರೆ ನನ್ನ ತಂದೆ, ನುಂದೈ ನಿನ್ನ ತಂದೆ, ತಂದೈ ಅವನ ತಂದೆ. ನಾವು ದಿನವೂ ಬಳಸುವ 'ತಂದೆ' ಈ ಮೂರನೆಯದರ ಒಡಹುಟ್ಟು. 'ನನ್ನ ತಂದೆ' ಅನ್ನುವಾಗ ಪದದೊಳಗಿನ ಆ ಹಳೆಯ 'ತನ್ನ' ನಮಗೆ ಕೇಳಿಸುವುದಿಲ್ಲ. ನಮ್ಮಲ್ಲಿ ಅದು ಪದದ ಮುಂದಿತ್ತು, ಹೆಪ್ಪುಗಟ್ಟಿತು. ಅವರಲ್ಲಿ ಹಿಂದಿದೆ, ಇನ್ನೂ ಹರಿಯುತ್ತಿದೆ.

ಕರೆಯುವಾಗ ನಾವು ಸಂಬೋಧನೆಯ ಏಕಾರ ಹಚ್ಚುತ್ತೇವೆ, ಮಗಳೇ, ಮಗನೇ. ಅವರು 'ನನ್ನ' ಹಚ್ಚುತ್ತಾರೆ. ಕಿಜ಼ಿಮ್, ಒಲುಮ್. ಬಸ್ಸಿನಲ್ಲಿ ಹಿರಿಯ ಹೆಂಗಸೊಬ್ಬರು ಗುರುತಿಲ್ಲದ ಹುಡುಗಿಗೂ 'ಕಿಜ಼ಿಮ್' ಅನ್ನಬಹುದು. ವಿಶ್ವವಿದ್ಯಾಲಯದಲ್ಲಿ ಮೇಷ್ಟರನ್ನು 'ಹೊಜಾಮ್', ನನ್ನ ಗುರುಗಳು, ಅನ್ನದೆ ಮಾತು ಶುರುವಾಗುವುದಿಲ್ಲ. ಫೋನ್ ಎತ್ತಿದರೆ 'ಎಫೆಂದಿಮ್', ನನ್ನ ಒಡೆಯ. ನಮ್ಮ ನಾಡಿನ ಎಷ್ಟೋ ಹೆಣ್ಣುಮಕ್ಕಳ ಹೆಸರಿನ ಕೊನೆಗಿರುವ 'ಬೇಗಂ', 'ಖಾನಂ' ಪದಗಳಲ್ಲೂ ಇದೇ ಮಕಾರವಿದೆ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ: ಬೇಗ್ ಮತ್ತು ಖಾನ್, ಅವುಗಳ ಮೇಲೆ 'ನನ್ನ'. ಮಧ್ಯ ಏಷ್ಯಾದಿಂದ ಪಾರ್ಸಿ, ಉರ್ದುಗಳ ಮೂಲಕ ದಖ್ಖನಿಗೆ ಬರುವಷ್ಟರಲ್ಲಿ ಪ್ರತ್ಯಯದ ಅರ್ಥ ಕಳಚಿತು, ಸದ್ದು ಉಳಿಯಿತು.

ಮೊದಲಿಗೆ ಐದು ರೂಪಗಳನ್ನು ಹೇಳಿದೆನಲ್ಲ, ಅದರಲ್ಲಿ ಷಷ್ಠೀ ವಿಭಕ್ತಿ ಇರಲಿಲ್ಲ ಎಂಬುದನ್ನು ನಿಮ್ಮಲ್ಲಿ ಕೆಲವರು ಗಮನಿಸಿರಬೇಕು. 'ಮನೆಯ' ಎಂಬುದಕ್ಕೆ ಅವರಲ್ಲಿ 'ಎವಿನ್' ಇದೆ. ಭಾಷಾವಿಜ್ಞಾನಿಗಳು ಅದನ್ನು ವಿಭಕ್ತಿ ಎಂದೇ ಎಣಿಸುತ್ತಾರೆ. ಟರ್ಕಿಯ ಶಾಲಾ ವ್ಯಾಕರಣ ಮಾತ್ರ ಅದನ್ನು ಆ ಐದರಿಂದ ಹೊರಗಿಟ್ಟು, ಸ್ವಾಮ್ಯ ಪ್ರತ್ಯಯದ ಜೊತೆಗೆ ಕೂರಿಸುತ್ತದೆ. ಅದರಲ್ಲಿ ಬಹಳ ವಿವೇಕವಿದೆ ಎಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಅವೆರಡೂ ಜೋಡಿಯಾಗಿ ಕೆಲಸ ಮಾಡುತ್ತವೆ. 'ಅಲಿಯ ಮನೆ' ಎಂಬುದು ಟರ್ಕಿಶ್‌ನಲ್ಲಿ 'ಅಲಿನಿನ್ ಎವಿ', ಅಂದರೆ ಅಲಿಯ ಮನೆ-ಅವನದು. ಕನ್ನಡ ಒಡೆಯನಿಗೆ ಮಾತ್ರ ಗುರುತು ಹಾಕುತ್ತದೆ. ಟರ್ಕಿಶ್ ಹಗ್ಗದ ಎರಡೂ ತುದಿಗೆ ಗಂಟು ಹಾಕುತ್ತದೆ.

ಎರಡು ಗಂಟುಗಳಿರುವುದರಿಂದ ಒಂದನ್ನು ಬಿಚ್ಚಿ ಬೇರೆ ಅರ್ಥ ತರಬಹುದು. 'ಚೊಜೂನ್ ಕಿತಾಬಿ' ಅಂದರೆ ಆ ಮಗುವಿನ ಪುಸ್ತಕ, ಅದರ ಚೀಲದಲ್ಲಿರುವುದು. ಷಷ್ಠಿಯನ್ನು ತೆಗೆದು 'ಚೊಜುಕ್ ಕಿತಾಬಿ' ಅನ್ನಿ, ಅದು ಮಕ್ಕಳ ಪುಸ್ತಕ, ಮಕ್ಕಳಿಗೆಂದು ಬರೆದದ್ದು. ಕನ್ನಡದಲ್ಲಿ 'ಮಕ್ಕಳ ಪುಸ್ತಕ' ಎಂದರೆ ಎರಡೂ ಆಗಬಹುದು, ಸಂದರ್ಭ ನೋಡಿ ತಿಳಿಯಬೇಕು. 'ಅತಿನ್ ಕುಯ್ರೂ' ಆ ಕುದುರೆಯ ಬಾಲ, 'ಅತ್ ಕುಯ್ರೂ' ಹೆಣ್ಣುಮಕ್ಕಳು ಕಟ್ಟುವ ಕುದುರೆಬಾಲದ ಜಡೆ.

ಇಸ್ತಾಂಬುಲ್ ನಗರದ ನಕಾಶೆಯನ್ನು ಬಿಡಿಸಿದರೆ ಈ ಒಂದೇ ಗಂಟಿನ ಸಮಾಸಗಳು ಎಲ್ಲೆಲ್ಲೂ ಕಾಣುತ್ತವೆ. ಗಲತಾ ಕೊಪ್ರುಸು, ಗಲತಾ ಸೇತುವೆ-ಅದರದು. ತೊಪ್‌ಕಪಿ ಸರಾಯಿ, ತೊಪ್‌ಕಪಿ ಅರಮನೆ-ಅದರದು. ಇಸ್ತಾಂಬುಲ್ ಉನಿವೆರ್ಸಿತೆಸಿ. ಕುಡಿಯುವ ಟರ್ಕಿಶ್ ಕಾಫಿಯೂ ತುರ್ಕ್ ಕಹ್ವೆಸಿ. ಈ ಕೊನೆಯ ಇ, ಸಿ, ಸು ಎಲ್ಲ ಆ 'ಅದರ' ಎಂಬ ಪ್ರತ್ಯಯವೇ, ಸ್ವರಾಂತ ಪದಕ್ಕೆ ಸಕಾರ ಸೇರಿಕೊಳ್ಳುತ್ತದೆ ಅಷ್ಟೆ. ಇಲ್ಲಿ ಒಡೆತನದ ಅರ್ಥ ಏನೂ ಉಳಿದಿಲ್ಲ. ಎರಡು ನಾಮಪದಗಳನ್ನು ಬೆಸೆಯುವ ಕೆಲಸವಷ್ಟೇ ಉಳಿದಿದೆ.

ಆದರೂ ಪ್ರತ್ಯಯ ತನ್ನ ಹುಟ್ಟನ್ನು ಮರೆತಿಲ್ಲ, ಅದಕ್ಕೆ ಸಾಕ್ಷಿ ಇದೆ. ಎಲ್ ಚಂತಸಿ ಅಂದರೆ ಕೈಚೀಲ, ಕೈ ಚೀಲ-ಅದರದು. ನನ್ನ ಕೈಚೀಲ ಎನ್ನಬೇಕಾದರೆ? 'ಚಂತಸಿಮ್' ಆಗುವುದಿಲ್ಲ. 'ಎಲ್ ಚಂತಾಮ್' ಆಗುತ್ತದೆ. ಒಂದು ನಾಮಪದಕ್ಕೆ ಒಬ್ಬನೇ ಒಡೆಯ, ನಾನು ಬಂದ ಮೇಲೆ 'ಅದು' ಜಾಗ ಬಿಡಬೇಕು. ಇನ್ನೊಂದು ಕಡೆ 'ಅಯಕ್ಕಬಿ' ನೋಡಿ. ಅಯಕ್ ಕಾಲು, ಕಪ್ ಅಂದರೆ ಹೊದಿಕೆ, ಅದರ ಮೇಲೆ 'ಅದರ'. ಕಾಲಿನ ಹೊದಿಕೆ, ಅಂದರೆ ಶೂ. ಇದು ಎಷ್ಟು ಬಳಕೆಯಾಗಿದೆಯೆಂದರೆ ಜನ ಅದನ್ನು ಒಂದೇ ಪದವೆಂದು ತಿಳಿದಿದ್ದಾರೆ. ಬಹುವಚನ ಅಯಕ್ಕಬಿಲರ್, ನನ್ನದು ಅಯಕ್ಕಬಿಮ್. ಹಳೆಯ ಪ್ರತ್ಯಯ ಇಲ್ಲಿ ಪದದ ಮಾಂಸವೇ ಆಗಿಹೋಗಿದೆ. ಒಂದು ಸಮಾಸ ಯಾವಾಗ ಒಂಟಿ ಪದವಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಭಾಷೆಗಳು ಕಡಿಮೆ.

ಈಗ ಒಂದು ಸಣ್ಣ ನಕಾರದ ಬಗ್ಗೆ. ಮೂರನೆಯ ಪುರುಷದ ಸ್ವಾಮ್ಯ ಪ್ರತ್ಯಯದ ಮೇಲೆ ವಿಭಕ್ತಿ ಬಂದರೆ ನಡುವೆ ಒಂದು 'ನ್' ನುಸುಳುತ್ತದೆ. ಎವಿ ಅವನ ಮನೆ, 'ಅವನ ಮನೆಯಲ್ಲಿ' ಎಂಬುದು ಎವಿದೆ ಅಲ್ಲ, ಎವಿಂದೆ. ನಮ್ಮ ಊರು, ಊರಿನಲ್ಲಿ, ಗುರು, ಗುರುವಿನಲ್ಲಿ ಎಂಬಲ್ಲಿ ಬರುವ ಆಗಮವನ್ನು ನೆನಪಿಸಿಕೊಳ್ಳಿ, ಕಿವಿಗೆ ಒಗ್ಗುತ್ತದೆ. ಇಸ್ತಾಂಬುಲ್‌ನ ಎರಡು ಬಡಾವಣೆಗಳನ್ನು ತೆಗೆದುಕೊಳ್ಳಿ. ಕದಿಕೊಯ್ ಎಂಬಲ್ಲಿ ಎಂದರೆ ಕದಿಕೊಯ್ದೆ. ಬೆಯೋಲು ಎಂಬಲ್ಲಿ ಎಂದರೆ ಬೆಯೋಲುಂದಾ. ಎರಡನೆಯದಕ್ಕೆ ನಕಾರ ಯಾಕೆ ಬಂತು? ಬೆಯೋಲು ಎಂದರೆ ಬೇಯ ಮಗ, ದೊರೆಯ ಮಗ. ಕೊನೆಯ 'ಉ' ಸ್ವಾಮ್ಯ ಪ್ರತ್ಯಯ. ಊರಿನ ಹೆಸರಾಗಿ ಎಷ್ಟೋ ಕಾಲವಾಗಿದೆ, ದೊರೆಯ ಮಗನನ್ನು ಯಾರೂ ನೆನೆಯುವುದಿಲ್ಲ, ಆದರೆ ಟ್ಯಾಕ್ಸಿ ಹತ್ತಿ ವಿಳಾಸ ಹೇಳುವವರ ನಾಲಿಗೆ ಆ ನಕಾರವನ್ನು ತಪ್ಪದೆ ಹಾಕುತ್ತದೆ. ವ್ಯಾಕರಣ ಇತಿಹಾಸವನ್ನು ಹೀಗೆ ಕಾಪಾಡಿಕೊಂಡು ಬರುವುದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈ ನಕಾರದಿಂದ ಒಂದು ಗೊಂದಲವೂ ಹುಟ್ಟುತ್ತದೆ. 'ನಿನ್ನ ಮನೆಯಲ್ಲಿ' ಎಂಬುದು ಎವಿನ್-ದೆ, ಎವಿಂದೆ. 'ಅವನ ಮನೆಯಲ್ಲಿ' ಎಂಬುದೂ ಎವಿಂದೆ. 'ಎವಿನಿ ಗೊರ್ದುಮ್' ಅಂದರೆ ನಿನ್ನ ಮನೆಯನ್ನು ನೋಡಿದೆ ಎಂದೂ ಆಯಿತು, ಅವನ ಮನೆಯನ್ನು ನೋಡಿದೆ ಎಂದೂ ಆಯಿತು. ಇನ್ನು 'ಎವ್ಲೆರಿ' ಎಂಬ ಒಂದು ಪದಕ್ಕೆ ನಾಲ್ಕು ಅರ್ಥ: ಅವರ ಮನೆ, ಅವರ ಮನೆಗಳು, ಅವನ ಮನೆಗಳು, ಮನೆಗಳನ್ನು. ಆಡುವವರು ಅಗತ್ಯ ಬಿದ್ದಾಗ ಮುಂದೆ 'ಸೆನಿನ್', 'ಒನುನ್' ಎಂದು ಸೇರಿಸಿ ಬಿಡಿಸಿಕೊಳ್ಳುತ್ತಾರೆ.

ಭಾಷೆ ಇಂಥ ಗೊಂದಲವನ್ನು ಮೊದಲಿನಿಂದಲೂ ಇಟ್ಟುಕೊಂಡಿತ್ತೆ? ಇಲ್ಲ. ಹಳೆಯ ತುರ್ಕಿಯಲ್ಲಿ 'ನಿನ್ನ' ಎಂಬ ಪ್ರತ್ಯಯದಲ್ಲಿದ್ದದ್ದು ನಕಾರವಲ್ಲ, ನಮ್ಮ ವರ್ಣಮಾಲೆಯ ಙಕಾರ. ಕವರ್ಗದ ಕೊನೆಗೆ ಇರುವ, ಶಾಲೆ ಬಿಟ್ಟ ಮೇಲೆ ನಾವು ಬಿಡಿಯಾಗಿ ಬರೆಯದ ಆ ಅಕ್ಷರ. ಆಟೊಮನ್ನರ ಕಾಲದಲ್ಲಿ ಅರಬ್ಬಿ ಲಿಪಿಯಲ್ಲಿ ಬರೆಯುವಾಗ ಈ ಧ್ವನಿಗೆ ಕಾಫ್ ಅಕ್ಷರ ಬಳಸುತ್ತಿದ್ದರು, 'ಅವನ' ಎಂಬುದರ ಮುಂದಿನ ನಕಾರಕ್ಕೆ ನೂನ್. ಬರಹದಲ್ಲಿ 'ನಿನ್ನ ಮನೆಯನ್ನು', 'ಅವನ ಮನೆಯನ್ನು' ಬೇರೆಬೇರೆಯಾಗಿ ಕಾಣುತ್ತಿದ್ದವು. ಇಸ್ತಾಂಬುಲ್‌ನ ಆಡುಮಾತಿನಲ್ಲಿ ಙಕಾರ ನಕಾರದೊಳಗೆ ಕರಗಿತ್ತು. 1928ರಲ್ಲಿ ಲ್ಯಾಟಿನ್ ಲಿಪಿ ಬಂದಾಗ ಅದಕ್ಕೆ ಬೇರೆ ಅಕ್ಷರ ಕೊಡಲಿಲ್ಲ, ಬರಹದಲ್ಲೂ ಎರಡು ಒಂದಾದವು. ಅನತೋಲಿಯದ ಹಲವು ಉಪಭಾಷೆಗಳಲ್ಲಿ ಙಕಾರ ಇನ್ನೂ ಇದೆ. ಕಜ಼ಾಕ್ ಭಾಷೆಯಲ್ಲಿ ನಿನ್ನ ಮನೆಯಲ್ಲಿ 'ಉಯಿಙ್ದೆ', 'ಅವನ ಮನೆಯಲ್ಲಿ' ಎಂಬುದು 'ಉಯಿನ್ದೆ', ಗೊಂದಲವೇ ಇಲ್ಲ. ಉಜ್ಬೆಕ್ ಇನ್ನೊಂದು ದಾರಿ ಹಿಡಿಯಿತು. ಅದು ಆ ನಡುವಿನ ನಕಾರವನ್ನೇ ಬಿಟ್ಟುಕೊಟ್ಟಿತು. ಅವನ ಮನೆಯಲ್ಲಿ ಎಂದರೆ ಅಲ್ಲಿ 'ಉಯಿದಾ'.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಕನ್ನಡದಲ್ಲಿ ಮೈಗೆ, ಮನಸ್ಸಿಗೆ ಆಗುವುದನ್ನೆಲ್ಲ ನಾವು ಚತುರ್ಥಿಯಲ್ಲಿ ಹೇಳುತ್ತೇವೆ. ನನಗೆ ನಿದ್ದೆ ಬಂತು, ನನಗೆ ಹಸಿವಾಯಿತು, ನನಗೆ ಬೇಜಾರು, ನನಗೆ ಇಬ್ಬರು ತಮ್ಮಂದಿರು. ಕನ್ನಡದ 'ಗೆ' ನಮ್ಮ ಬದುಕಿನ ಅರ್ಧವನ್ನು ಹೊತ್ತಿದೆ. ಆ ಜಾಗದಲ್ಲಿ ಟರ್ಕಿಶ್ ಏನು ಮಾಡುತ್ತದೆ? 'ಉಯ್ಕುಮ್ ಗೆಲ್ದಿ', ನನ್ನ ನಿದ್ದೆ ಬಂತು. 'ಕರ್ನಿಮ್ ಅಜಿಕ್ತಿ', ನನ್ನ ಹೊಟ್ಟೆ ಹಸಿಯಿತು. 'ಜಾನಿಮ್ ಸಿಕಿಲಿಯೊರ್', ನನ್ನ ಜೀವ ಹಿಂಡುತ್ತಿದೆ, ಅಂದರೆ ಬೇಜಾರಾಗುತ್ತಿದೆ. 'ಜಾನಿಮ್ ಚಾಯ್ ಇಸ್ತಿಯೊರ್', ನನ್ನ ಜೀವ ಚಹಾ ಬೇಡುತ್ತಿದೆ. 'ಇಕಿ ಕರ್ದೆಶಿಮ್ ವರ್', ನನ್ನ ಇಬ್ಬರು ಒಡಹುಟ್ಟಿದವರು ಇದ್ದಾರೆ. 'ಪರಾಮ್ ಯೊಕ್', ನನ್ನ ದುಡ್ಡು ಇಲ್ಲ, ಅಂದರೆ ನನಗೆ ದುಡ್ಡಿಲ್ಲ. ಎರಡು ಭಾಷೆಗಳಲ್ಲೂ 'ನಾನು' ಕರ್ತೃವಾಗಿ ಮುಂದೆ ನಿಲ್ಲುವುದಿಲ್ಲ. ನಿದ್ದೆಯೇ ಬರುತ್ತದೆ, ಹೊಟ್ಟೆಯೇ ಹಸಿಯುತ್ತದೆ. ಕನ್ನಡ ಆ ಅನುಭವವನ್ನು ನನ್ನ ಕಡೆಗೆ ಕಳಿಸುತ್ತದೆ, ಟರ್ಕಿಶ್ ಅದರ ಮೇಲೆ ನನ್ನ ಹೆಸರು ಬರೆಯುತ್ತದೆ.

ಹಾಗೆಂದು ಅವರಲ್ಲಿ ಇಂಥ ಚತುರ್ಥಿ ಇಲ್ಲವೇ ಇಲ್ಲ ಎಂದಲ್ಲ. 'ಬನಾ ನೆ?' ಅನ್ನುತ್ತಾರೆ, ನನಗೇನು? 'ಸನಾ ನೆ?', ನಿನಗೇನು? ಜಗಳದ ಧ್ವನಿಯೂ ಸೇರಿ ಪೂರ್ತಿ ನಮ್ಮದೇ. ಹಾಗೆಯೇ 'ಬೆಂದೆ ಪರಾ ಯೊಕ್' ಎಂಬ ಸಪ್ತಮಿ, ನನ್ನಲ್ಲಿ ದುಡ್ಡಿಲ್ಲ, ಅಂದರೆ ಈಗ ಕೈಯಲ್ಲಿಲ್ಲ. 'ಪರಾಮ್ ಯೊಕ್' ಬಡತನ ಹೇಳುತ್ತದೆ, 'ಬೆಂದೆ ಪರಾ ಯೊಕ್' ಜೇಬು ತೋರಿಸುತ್ತದೆ. ಕನ್ನಡದಲ್ಲೂ 'ನನಗೆ ದುಡ್ಡಿಲ್ಲ', 'ನನ್ನ ಹತ್ತಿರ ದುಡ್ಡಿಲ್ಲ' ಎಂಬ ಎರಡರ ತೂಕ ಬೇರೆ.

ಸ್ವಾಮ್ಯ ಪ್ರತ್ಯಯ ನಾಮಪದಕ್ಕೂ ನಿಲ್ಲುವುದಿಲ್ಲ, ವಾಕ್ಯದೊಳಗಿನ ವಾಕ್ಯವನ್ನೂ ಅದೇ ಕಟ್ಟುತ್ತದೆ. ನಮ್ಮಲ್ಲಿ 'ಓದಿದ ಪುಸ್ತಕ' ಅಂದರೆ ಯಾರು ಓದಿದ್ದು ಎಂದು ಗೊತ್ತಾಗುವುದಿಲ್ಲ, 'ನಾನು' ಎಂದು ಬೇರೆಯಾಗಿ ಹೇಳಬೇಕು. ಅವರಲ್ಲಿ ಒಕುದೂಮ್ ಕಿತಾಪ್, ನಾನು ಓದಿದ ಪುಸ್ತಕ. ಒಕುದೂನ್ ಕಿತಾಪ್, ನೀನು ಓದಿದ ಪುಸ್ತಕ. ಕೃದಂತದ ಮೇಲೆ ಅದೇ 'ನನ್ನ', ಅದೇ 'ನಿನ್ನ'. 'ಅಲಿ ಬಂದದ್ದು ಗೊತ್ತು' ಎಂಬುದಕ್ಕೆ 'ಅಲಿನಿನ್ ಗೆಲ್ದಿಇನಿ ಬಿಲಿಯೊರುಮ್'. ಬಿಡಿಸಿದರೆ: ಅಲಿಯ, ಬಂದದ್ದು-ಅವನದು-ಅನ್ನು, ಬಲ್ಲೆ. ಅಲಿನಿನ್ ಎವಿ ಎಂಬ ಮನೆಯ ಜೋಡಿಗಂಟೇ ಇಲ್ಲಿ ಬರುವಿಕೆಗೆ ಬಿದ್ದಿದೆ, ಅದರ ಮೇಲೆ ಆ ನಕಾರ, ಅದರ ಮೇಲೆ ದ್ವಿತೀಯೆ. 'ನೀನು ಬರಬೇಕು ಅಂತ ಆಸೆ' ಎಂದರೆ 'ಗೆಲ್ಮೆನಿ ಇಸ್ತಿಯೊರುಮ್', ನಿನ್ನ ಬರುವಿಕೆಯನ್ನು ಬಯಸುತ್ತೇನೆ. 'ನಾನು ಹೋಗಬೇಕು' ಎಂಬುದು 'ಗಿತ್ಮೆಮ್ ಲಾಜ಼ಿಮ್', ನನ್ನ ಹೋಗುವಿಕೆ ಅಗತ್ಯ. ಪುಸ್ತಕದ ಭಾಷೆ ಇದು ಎಂದುಕೊಳ್ಳಬೇಡಿ, ತರಕಾರಿ ಕೊಳ್ಳುವಾಗ ಆಡುವ ಮಾತು. ಟರ್ಕಿಶ್ ಕಲಿಸುವ ಎಷ್ಟೋ ಪಾಠಗಳು ವಿಭಕ್ತಿಗಳನ್ನೆಲ್ಲ ಮುಗಿಸಿ ಆಮೇಲೆ ಸ್ವಾಮ್ಯ ಪ್ರತ್ಯಯಕ್ಕೆ ಬರುತ್ತವೆ. ಕನ್ನಡಿಗರಿಗಾದರೂ ಇದನ್ನು ತಿರುಗಿಸಿ ಕಲಿಸಬೇಕು. ವಿಭಕ್ತಿಯನ್ನು ಅವರು ಮನೆಯಿಂದಲೇ ತಂದಿರುತ್ತಾರೆ.

ಕೊನೆಯದಾಗಿ, ಈ ಪ್ರತ್ಯಯವೇ ಭಾಷೆಯ ಬೆನ್ನೆಲುಬು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ತುರ್ಕಿಕ್ ಕುಟುಂಬದ ಬೇರೆ ಭಾಷೆಗಳ ಆಧಾರವೂ ಇದೆ. ವಿಭಕ್ತಿಗಳು ಒಂದೊಂದು ಕಡೆ ಒಂದೊಂದು ಹಾದಿ ಹಿಡಿದಿವೆ. ವೋಲ್ಗಾ ನದಿಯ ಬದಿಯ ಚುವಾಶ್ ಭಾಷೆಯಲ್ಲಿ ದ್ವಿತೀಯಾ ಮತ್ತು ಚತುರ್ಥೀ ಸೇರಿ ಒಂದೇ ಪ್ರತ್ಯಯವಾಗಿವೆ. ಈಶಾನ್ಯ ಸೈಬೀರಿಯಾದಲ್ಲಿ, ಲೇನಾ ನದಿಯ ಸುತ್ತ ಆಡುವ ಸಖಾ ಭಾಷೆಯಲ್ಲಿ, ಹಳೆಯ ಸಪ್ತಮಿ ತನ್ನ ಕೆಲಸ ಬಿಟ್ಟು 'ಸ್ವಲ್ಪ ನೀರು ಕೊಡು' ಎಂಬಂಥ ಮಾತಿನ 'ಸ್ವಲ್ಪ'ವಾಗಿ ಬದಲಾಗಿದೆ. ಅಲ್ಲಿ ಷಷ್ಠೀ ವಿಭಕ್ತಿಯೂ ಬಹುಮಟ್ಟಿಗೆ ಅಳಿದುಹೋಗಿದೆ. ಷಷ್ಠಿಯೇ ಇಲ್ಲದೆ 'ನನ್ನ ಅಪ್ಪನ ಮನೆ' ಎಂದು ಹೇಳುವುದು ಹೇಗೆ? ಅವರು 'ಅಗಮ್ ದಿಯೆತೆ' ಅನ್ನುತ್ತಾರೆ. ಅಗ ಅಪ್ಪ, ಅದರ ಮೇಲೆ 'ನನ್ನ'. ದಿಯೆ ಮನೆ, ಅದರ ಮೇಲೆ 'ಅವನ'. ಅಪ್ಪನಿಗೆ ಯಾವ ವಿಭಕ್ತಿಯೂ ಇಲ್ಲ. ಮನೆ ಯಾರದು ಎಂಬುದನ್ನು ಮನೆಯೇ ಹೇಳುತ್ತದೆ.